ಆಷಾಢದ ವಾಲಗ

ಆಷಾಢದಲ್ಲಿ ವಾಲಗ ಕೇಳಿಸಿತೆಂದರೆ ನಮ್ಮೂರಿನಲ್ಲಿ ಯಾರೂ ಮದುವೆಗೆಂದು ಸೀರೆ ಉಡುವುದಿಲ್ಲ. ಯಾರೋ ಏನನ್ನೋ ಮುಚ್ಚಿಡುತ್ತಿದ್ದಾರೆ ಅಂದುಕೊಂಡು, ಕೈಯಲ್ಲಿದ್ದ ಕೆಲಸ ಬಿಟ್ಟು ಕೆರೆ ದಂಡೆಗೆ ಓಡುತ್ತಾರೆ. ಬೇಸಿಗೆ ರಜೆಯಲ್ಲಿ ಕೆರೆಯ ಮೇಲೆ ಆಡಿದ ಮಾತು ಆಷಾಢದ ಗಾಳಿ ಎದ್ದಾಗ ವಾಪಸು ಬರುತ್ತದೆ. ಆಡಿದವರ ದನಿಯಲ್ಲೇ, ಆಡಿದ ದಿನಗಳ ಸರದಿಯಲ್ಲೇ ಬರುತ್ತದೆ. ಇಂಜಿನ್ನಿನ ಸದ್ದನ್ನು ಕೆರೆ ಇಟ್ಟುಕೊಳ್ಳುವುದಿಲ್ಲ, ಮಾತನ್ನಷ್ಟೇ ಇಟ್ಟುಕೊಳ್ಳುತ್ತದೆ. ಹೀಗಾಗಿ ನಮ್ಮೂರವರು ದೋಣಿ ಹತ್ತಿದರೆ ಬಾಯಿಗೆ ಬೀಗ ಹಾಕಿಕೊಳ್ಳುತ್ತಾರೆ. ಬೀಗರನ್ನು ವಿಹಾರಕ್ಕೆ ಕರೆದೊಯ್ದವರಂತೂ ಬಾಯಿ ತುಂಬ ಎಲೆಅಡಿಕೆ ಹಾಕಿಕೊಂಡು ಸುಮ್ಮನೆ ತಲೆಯಾಡಿಸುತ್ತಾ ಕೂರುತ್ತಾರೆ. ಹೊರಗಿನಿಂದ ಬಂದವರಿಗೆ ಇದು ಗೊತ್ತಿಲ್ಲ, ಹೇಳಿದರೂ ನಂಬುವುದಿಲ್ಲ. ಅವರು ಊರಿಗೆ ಹೋಗಿ ರಜೆಯನ್ನೇ ಮರೆತ ಮೇಲೆ ಅವರ ನಗು, ಗಂಡಹೆಂಡಿರ ಜಗಳ, ಐಸ್‌ಕ್ರೀಮಿಗೆ ಹಟ ಹಿಡಿದ ಮಕ್ಕಳ ಅಳು ಎಲ್ಲವೂ ಖಾಲಿ ಕೆರೆಯ ಮೇಲೆ ಗದ್ದಲ ಎಬ್ಬಿಸುತ್ತವೆ.

ಬೇರೆ ಮಾತುಗಳು ಒಂದು ಸಲ ಬಂದು ಹೋಗುತ್ತವೆ. ಹೆಸರು ಹಿಡಿದು ಕೂಗಿದ ಕೂಗಿನದ್ದೇ ತಾಪತ್ರಯ. ಅದಕ್ಕೆ ಯಾರಾದರೂ ‘ಓ’ ಅನ್ನಬೇಕು. ಅನ್ನದಿದ್ದರೆ ಮಾರನೆಯ ಸಂಜೆ ಮತ್ತೆ ಬರುತ್ತದೆ, ಅದರ ಮಾರನೆಯ ಸಂಜೆಯೂ ಬರುತ್ತದೆ. ದಂಡೆಯ ಮೇಲೆ ಮಂಡಕ್ಕಿ ಅಂಗಡಿ ಇಟ್ಟುಕೊಂಡಿರುವ ಪುಟ್ಟೀರಮ್ಮ ಊರಿಗೆ ಉಪಕಾರವಾಗಲಿ ಅಂತ ಎಲ್ಲರ ಪರವಾಗಿ ಓ ಅನ್ನುತ್ತಾಳೆ. ‘ರೋಹಿಣೀ’ ಅಂತ ಬಂದರೂ ಓ, ‘ಲೇ ಕುಮಾರಾ’ ಅಂತ ಬಂದರೂ ಓ. ಈರುಳ್ಳಿ ಹೆಚ್ಚುತ್ತ ತಲೆ ಎತ್ತದೆ ಅನ್ನುತ್ತಾಳೆ, ಕೂಗು ಅಲ್ಲಿಗೆ ತಣ್ಣಗಾಗುತ್ತದೆ.

ನಾನು ಈ ಊರಿನ ವಕೀಲೆ. ಕಾತ್ಯಾಯಿನಿ ಅಂತ ಬೋರ್ಡಿನಲ್ಲಿದೆ, ಜನರಿಗೆ ಲಾಯರಮ್ಮ. ಮೋಜಿಗೆಂದು ದೋಣಿ ಹತ್ತಿ ಕೈಕಾಲು ಮುರಿದುಕೊಂಡವರ ಕೇಸು ನಡೆಸುವುದೇ ನನ್ನ ಹೊಟ್ಟೆಪಾಡು. ಕೂತಲ್ಲಿ ಕೂರದ ಜನ್ಮ ನನ್ನದು. ಹಾಲು ಉಕ್ಕುವುದನ್ನೂ ಕಾಯಲಾರದೆ ಒಲೆ ದೊಡ್ಡದು ಮಾಡುವವಳು. ಅಂಥವಳಿಗೆ ದೇವರು ಬೇಕೆಂದೇ ಕಾಯುವ ಕೆಲಸ ಕೊಟ್ಟ. ಬೇಸಿಗೆಯಲ್ಲಿ ಪೆಟ್ಟು ಬೀಳುತ್ತದೆ, ಸಾಕ್ಷಿ ಬರುವುದು ಆಷಾಢಕ್ಕೆ. ಅಲ್ಲಿಯ ತನಕ ಉಗುರು ಕಚ್ಚುತ್ತ, ಆಫೀಸಿನ ಬಾಗಿಲಿಗೂ ಕಿಟಕಿಗೂ ಓಡಾಡುತ್ತ ಇರಬೇಕು. ಆಷಾಢದಲ್ಲಿ ನ್ಯಾಯಾಧೀಶರು ಕೋರ್ಟನ್ನೇ ದೋಣಿಕಟ್ಟೆಗೆ ತರುತ್ತಾರೆ. ಮೇಜು, ಕುರ್ಚಿ, ಟೈಪಿಸ್ಟು ಎಲ್ಲ ಬರುತ್ತವೆ. ಮಾತು ಬರೆದುಕೊಂಡು ಮುಗಿಯುವವರೆಗೆ ಓ ಅನ್ನಕೂಡದೆಂದು ಪುಟ್ಟೀರಮ್ಮನಿಗೆ ಆಜ್ಞೆಯಾಗುತ್ತದೆ. ಅವಳು ಸೆರಗಿನ ತುದಿ ಕಚ್ಚಿಕೊಂಡು ಕೂರುತ್ತಾಳೆ. ಆದರೆ ವಾಲಗವನ್ನು ಯಾರೂ ತಡೆಯುವ ಹಾಗಿಲ್ಲ. ಹಿಂದೆ ಯಾರೋ ನ್ಯಾಯಾಧೀಶರು ಅದು ಊದುವವರ ಅನ್ನ, ಅದಕ್ಕೆ ಕೈ ಹಾಕಬಾರದು ಅಂತ ಬರೆದುಬಿಟ್ಟಿದ್ದಾರೆ. ಕರೆಸಿದವರು ಯಾರು ಅಂತ ಕೋರ್ಟು ಕೇಳಬಹುದು, ಅವರು ನಿಜ ಹೇಳಬೇಕು, ಅಷ್ಟೇ. ನಿಲ್ಲಿಸುವ ಹಕ್ಕು ಕರೆಸಿದವರದ್ದು ಮಾತ್ರ. ಸಾಮಾನ್ಯವಾಗಿ ಕರೆಸುವುದು ದೋಣಿ ಕಂಪನಿಯವರೇ. ಒಂದು ಸಲ ಅವರ ಮ್ಯಾನೇಜರು ನಾಯಿಯ ಹುಟ್ಟುಹಬ್ಬಕ್ಕೆ ಕರೆಸಿದ್ದೇನೆ ಅಂದಿದ್ದ. ನಾಯಿಗೆ ಹಾರವನ್ನೂ ಹಾಕಿದ್ದ.

ಹಾಲೇಶಪ್ಪ ನನ್ನ ಬಳಿ ಬಂದದ್ದು ಬೇಸಿಗೆಯ ಕೊನೆಯಲ್ಲಿ. ದೂರದ ಊರಿನಲ್ಲಿ ಬಸ್ ಕಂಡಕ್ಟರ್. ಆಳು ಎತ್ತರ, ಎದೆ ಅಗಲ. ಆದರೆ ಮಾತು ಮಾತ್ರ ಹೊಟ್ಟೆಯಿಂದ ಮೇಲೆ ಬರುತ್ತಲೇ ಇರಲಿಲ್ಲ. ‘ಇಷ್ಟು ಸಣ್ಣ ದನಿಯಲ್ಲಿ ಟಿಕೆಟ್ ಹೇಗಪ್ಪಾ ಕೇಳ್ತೀಯ?’ ಅಂತ ನಾನು ತಮಾಷೆ ಮಾಡಿದೆ. ಅವನು ನಗಲಿಲ್ಲ. ಪಕ್ಕದಲ್ಲಿ ಊರುಗೋಲು ಹಿಡಿದು ಕೂತಿದ್ದ ಮಗಳು ಬಿಂದು, ‘ಮೊದ್ಲು ಹಿಂಗಿರಲಿಲ್ಲ ಮೇಡಂ. ಅಪ್ಪ ರೈಟ್ ಅಂದ್ರೆ ಹಿಂದಿನ ಬಸ್ಸೂ ಹೊರಟುಬಿಡೋದು’ ಅಂದಳು. ಹೈಸ್ಕೂಲಿನ ಹುಡುಗಿ, ಖೋ ಖೋ ತಂಡದ ಕ್ಯಾಪ್ಟನ್. ಓಡುತ್ತಿದ್ದ ದೋಣಿಯಿಂದ ಬಿದ್ದಾಗ ಇಂಜಿನ್ನಿನ ರೆಕ್ಕೆ ಬಲಗಾಲಿನ ಹಿಮ್ಮಡಿಯನ್ನು ಕಡಿದಿತ್ತು. ಇನ್ನೊಂದು ಆಪರೇಷನ್ ಆದರೆ ಕೋಲು ಬಿಟ್ಟು ನಡೆದಾಳು, ಓಟದ ಮಾತು ಬೇಡ ಅಂತ ಡಾಕ್ಟರು ಹೇಳಿದ್ದರು. ಆಪರೇಷನ್ನಿನ ಖರ್ಚು ದೋಣಿ ಕಂಪನಿಯದ್ದೇ ಅಂತ ಸಾಬೀತು ಮಾಡಬೇಕಾಗಿತ್ತು.

ದೋಣಿಯಲ್ಲಿ ಇದ್ದವರು ಅಪ್ಪ, ಮಗಳು, ನಡೆಸುವ ಮಾದೇಶ. ತಾಯಿ ಸರೋಜ ನೀರು ಕಂಡರೆ ಹೆದರುವವಳು, ಊರಿನಲ್ಲೇ ಉಳಿದಿದ್ದಳು. ಮಾದೇಶನ ಹೇಳಿಕೆ ನನ್ನ ಮೇಜಿನ ಮೇಲಿತ್ತು: ಕೂತುಕೋ ಎಂದು ಗಂಟಲು ಹರಿದುಕೊಂಡೆ, ಹುಡುಗಿ ಕೇಳಲಿಲ್ಲ.

‘ನೀನೇನಂತೀಯ?’ ಅಂತ ಹಾಲೇಶಪ್ಪನನ್ನು ಕೇಳಿದೆ.

ಅವನು ನೆಲ ನೋಡುತ್ತ, ‘ಅವಳೇ ಎದ್ಲು ಮೇಡಂ. ನಾನು ಫೋನ್ ನೋಡ್ತಿದ್ದೆ’ ಅಂದ.

‘ನಂಗೆ ಲೈಫ್ ಜಾಕೆಟ್ ಹಾಕ್ಕೊಂಡಿದ್ದು ನೆನಪಿದೆ’ ಅಂದಳು ಬಿಂದು. ‘ಅಪ್ಪನ ಸೈಜಿಂದು ದೋಣಿಯವರ ಹತ್ರ ಇರಲಿಲ್ಲ, ಅಪ್ಪನ ಹೊಟ್ಟೆ ನೋಡಿ ನಗಾಡಿದ್ವಿ. ಆಮೇಲೆ ನೆನಪಿರೋದು ಆಸ್ಪತ್ರೆ ಫ್ಯಾನು. ಮಧ್ಯದ್ದು ಏನೂ ಇಲ್ಲ. ನಾನ್ಯಾಕೆ ಎದ್ದೆ ಮೇಡಂ? ಅಷ್ಟು ಪೆದ್ದೀನಾ ನಾನು?’

ಅದಾದ ಮೇಲೆ ಆ ಹುಡುಗಿ ಅದೊಂದೇ ಪ್ರಶ್ನೆಯನ್ನು ಫೋನಿನಲ್ಲೂ ಕೇಳುತ್ತಿದ್ದಳು. ‘ಮೇಡಂ, ಚೆನ್ನಾಗಿದೀರಾ? ನಾನ್ಯಾಕೆ ಎದ್ದಿರ್ತೀನಿ ಅನ್ಸುತ್ತೆ ನಿಮಗೆ?’ ಶಾಲೆಯಲ್ಲಿ ಯಾರೂ ಬೈದಿರಲಿಲ್ಲ, ಮನೆಯಲ್ಲೂ ಬೈದಿರಲಿಲ್ಲ. ತನಗೆ ತಾನೇ ಬೈದುಕೊಂಡು ಒಣಗಿಹೋಗಿದ್ದಳು. ‘ಕೆರೆ ಹೇಳುತ್ತೆ ಇರು’ ಅಂತ ಸಮಾಧಾನ ಹೇಳಿ ಫೋನಿಡುತ್ತಿದ್ದೆ. ಅವಳು ಎದ್ದದ್ದು ನಿಜ, ಮಾದೇಶ ಕೂಗಿದ್ದೂ ನಿಜ ಅಂತ ಕೆರೆಯೇ ಹೇಳಿಬಿಟ್ಟರೆ ಏನು ಗತಿ ಅನ್ನುವುದು ನನ್ನ ತಲೆಯಲ್ಲಿ ಮಿಕ್ಸಿಯ ಹಾಗೆ ತಿರುಗುತ್ತಿತ್ತು.

ಆಷಾಢ ಹುಟ್ಟಿದ ಕೂಡಲೇ ಅಪ್ಪ ಮಗಳು ಬಂದರು. ಲಾಡ್ಜಿನ ಮೆಟ್ಟಿಲು ಅವಳಿಗೆ ಹತ್ತಲಾಗದೆಂದು ನಮ್ಮ ಮನೆಯ ಮುಂದಿನ ಕೋಣೆಯನ್ನೇ ಬಿಟ್ಟುಕೊಟ್ಟೆ. ಗಾಳಿ ಏಳುತ್ತಿತ್ತು, ಕೆರೆಯ ಮೇಲೆ ಆಗಲೇ ಯಾರ ಯಾರದ್ದೋ ನಗು ಶುರುವಾಗಿತ್ತು. ಹಾಲೇಶಪ್ಪ ಊಟಕ್ಕೆ ಕೂತರೆ ಮುದ್ದೆ ತಟ್ಟೆಯಲ್ಲೇ ಆರುತ್ತಿತ್ತು. ನಾನು ಓಡಾಡುವವಳು, ಅವನೂ ಓಡಾಡುವವನು. ನಡುಮನೆಯಲ್ಲಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವಂತಾಗಿ ಬಿಂದುವೇ ಗದರಿದಳು: ‘ಇಬ್ಬರೂ ಕೂತ್ಕೊಳ್ಳಿ, ನಂಗೆ ತಲೆ ತಿರುಗ್ತಿದೆ.’ ಕಕ್ಷಿದಾರನಿಗೆ ಕೋರ್ಟೆಂದರೆ ಭಯ ಇರುತ್ತದೆ ಅಂದುಕೊಂಡು ನಾನು ಅವನಿಗೆ ಧೈರ್ಯ ಹೇಳಿದೆ. ‘ಹೂಂ ಮೇಡಂ’ ಅಂದು ಪೇಟೆ ಕಡೆ ಹೋದವನು ಬಹಳ ಹೊತ್ತು ಬರಲಿಲ್ಲ.

ಕಲಾಪದ ದಿನ ದೋಣಿಕಟ್ಟೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನ್ಯಾಯಾಧೀಶರ ಮೇಜಿನ ಕಾಗದಗಳ ಮೇಲೆಲ್ಲ ಕಲ್ಲು ಹೇರಿದ್ದರು. ಕಂಪನಿಯ ವಕೀಲ ಚಕ್ರಪಾಣಿ ಗಾಳಿಗೆ ಹಾರುವ ಕೋಟನ್ನು ಒತ್ತಿ ಹಿಡಿದುಕೊಂಡು ನನ್ನತ್ತ ನಕ್ಕ. ಮಾದೇಶ ಅವನ ಹಿಂದೆ ಅಡಗಿ ನಿಂತಿದ್ದ. ಪುಟ್ಟೀರಮ್ಮ ಸೆರಗು ಕಚ್ಚಿಕೊಂಡಳು. ನೀರಿನ ಕಡೆಯಿಂದ ಮೊದಲು ಬಿಂದುವಿನ ನಗು ಬಂತು. ಕಿಲಕಿಲ ನಗು. ಆಮೇಲೆ, ‘ಅಪ್ಪಾ, ಹೊಟ್ಟೆ ಒಳಗೆ ಎಳ್ಕೊ!’ ಊರುಗೋಲಿನ ಮೇಲೆ ನಿಂತಿದ್ದ ಬಿಂದು ತನ್ನ ಹಳೆಯ ನಗುವನ್ನು ಬೇರೆ ಯಾರದ್ದೋ ಎಂಬಂತೆ ಕೇಳುತ್ತಿದ್ದಳು.

ಅಷ್ಟರಲ್ಲಿ ಆಲದ ಮರದ ಹಿಂದಿನಿಂದ ಡೋಲು ಗುಡುಗಿತು. ಅದರ ಬೆನ್ನಿಗೆ ನಾಗಸ್ವರ. ಮುನಿರಾಜಪ್ಪನ ತಂಡ, ಮುಹೂರ್ತದ ಹೊತ್ತಿನ ಗಟ್ಟಿಮೇಳವನ್ನು ಉಸಿರು ಕಟ್ಟಿ ಬಾರಿಸುತ್ತ ಕಟ್ಟೆಗೇ ಬಂದು ನಿಂತಿತು. ಕೆರೆಯ ಮಾತು ಅದರಡಿಯಲ್ಲಿ ಹೂತುಹೋಯಿತು.

ನನಗೆ ಮೈ ಉರಿದುಹೋಯಿತು. ‘ನೋಡಿ ಸ್ವಾಮಿ, ಇದು ಇವರ ಮಾಮೂಲಿ ಆಟ!’ ಅಂತ ಚಕ್ರಪಾಣಿಯ ಮೂಗಿಗೇ ಬೆರಳು ತೋರಿಸಿದೆ. ‘ತಪ್ಪಿಲ್ಲದಿದ್ದರೆ ವಾಲಗ ಯಾಕೆ? ಮಗುವಿನ ಕಾಲು ಕಡಿದು ಈಗ ಮದುವೆ ಊದಿಸ್ತಾರೆ! ನಾಚಿಕೆ ಆಗಲ್ವೇನ್ರೀ?’ ಚಕ್ರಪಾಣಿ ಮಿಕಮಿಕ ನೋಡಿದ. ‘ನಾವಲ್ಲ ಕಣ್ರೀ’ ಅಂದ. ‘ಈ ಸಲ ಯಾವ ನಾಯಿಯ ಹುಟ್ಟುಹಬ್ಬ?’ ಅಂತ ನಾನು ಇನ್ನೂ ಏರಿಸಿದೆ. ಜನ ಹೋ ಅಂದರು. ನ್ಯಾಯಾಧೀಶರು ಮುನಿರಾಜಪ್ಪನನ್ನು ಕೈಸನ್ನೆ ಮಾಡಿ ಕರೆದು, ಕರೆಸಿದವರು ಯಾರೆಂದು ಕೇಳಿದರು. ಅವನು ನಾಗಸ್ವರವನ್ನು ಬಾಯಿಂದ ತೆಗೆದು ಒರೆಸಿಕೊಂಡ. ಡೋಲು ಮಾತ್ರ ನಿಲ್ಲಲಿಲ್ಲ.

‘ನಿಮ್ಮ ಕಡೆಯೋರೇ ಲಾಯರಮ್ಮ’ ಅಂದ ನನ್ನನ್ನು ನೋಡಿ. ‘ಅಗೋ, ಆ ಕಂಡಕ್ಟರ್ ಸಾಹೇಬ್ರು.’

ಎತ್ತಿದ್ದ ಬೆರಳನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ. ಹಾಲೇಶಪ್ಪ ಕಟ್ಟೆಯ ಕಂಬ ಹಿಡಿದು ನಿಂತಿದ್ದ. ಕಂಪನಿಯ ಗುಟ್ಟು ಮುಚ್ಚುವ ವಾಲಗವನ್ನು ಎಷ್ಟೋ ಸಲ ನೋಡಿದ್ದೇನೆ, ಪೆಟ್ಟು ತಿಂದವರ ಕಡೆಯಿಂದ ಬಂದದ್ದನ್ನು ನೋಡಿರಲಿಲ್ಲ. ಆ ಕ್ಷಣಕ್ಕೆ ನನಗೆ ಎಲ್ಲ ಗೊತ್ತಾಯಿತು, ಗೊತ್ತಾಗದಿದ್ದರೆ ಚೆನ್ನಾಗಿತ್ತು ಅಂತಲೂ ಅನ್ನಿಸಿತು. ನೀರಿನ ಮೇಲೆ ಮಾತು ನಡೆದೇ ಇತ್ತು, ಒಂದು ಸಲ ದಾಟಿಹೋದರೆ ತಿರುಗಿ ಬರುವುದಿಲ್ಲ. ಅದರಲ್ಲಿ ನನ್ನ ಕೇಸೂ ಇತ್ತು. ‘ನಿಲ್ಲಿಸಯ್ಯಾ!’ ಅಂತ ಕಿರುಚಿದೆ. ಅವನು ನನ್ನ ಕಡೆ ನೋಡಲೇ ಇಲ್ಲ.

ಬಿಂದು ಕೋಲು ಊರುತ್ತ ಅಪ್ಪನ ಮುಂದೆ ಹೋಗಿ ನಿಂತಳು. ಡೋಲಿನ ನಡುವೆ ಅವಳು ಹೇಳಿದ್ದು ಹತ್ತಿರವಿದ್ದ ನನಗೆ ಮಾತ್ರ ಕೇಳಿಸಿತು.

‘ಅಪ್ಪ, ನಿಲ್ಸು.’

‘ಬೇಡ ಪುಟ್ಟಾ.’

‘ನಾನ್ಯಾಕೆ ಎದ್ದೆ ಅಂತ ನಂಗೆ ಗೊತ್ತಾಗ್ಬೇಕು.’

‘ಆಮೇಲೆ ನೀನು ನನ್ನ ಮುಖ ನೋಡಲ್ಲ.’

‘ಈಗ ನಾನು ನನ್ನ ಮುಖಾನೇ ನೋಡ್ಕೊಳ್ತಿಲ್ಲ ಅಪ್ಪ’ ಅಂದಳು.

ಹಾಲೇಶಪ್ಪನ ಕುತ್ತಿಗೆಯ ನರ ಉಬ್ಬಿತು. ಕೈ ಮೇಲಕ್ಕೆ ಹೋಯಿತು. ‘ಹೋಲ್ಡಾನ್!’ ಅಂತ ಒಂದು ಕೂಗು ಹಾಕಿದ. ಬೇಸಿಗೆಯಿಂದ ಅವನ ಹೊಟ್ಟೆಯಲ್ಲೇ ಕೂತಿದ್ದ ದನಿ. ಡೋಲು ಬಾರಿಸುವವನ ಕೋಲು ಗಾಳಿಯಲ್ಲೇ ನಿಂತಿತು, ದಂಡೆಯ ಮೇಲೆ ಹೋಗುತ್ತಿದ್ದ ಆಟೋ ಕೂಡ ನಿಂತಿತು.

ಆಗ ಕೆರೆಯಿಂದ ಅದೇ ದನಿ ಬಂತು, ಖುಷಿಯಾಗಿದ್ದಾಗಿನ ದನಿ. ‘ಬಿಂದು, ಎದ್ದು ನಿಂತ್ಕೊ. ಹಿಂದೆ ಗುಡ್ಡ ಬರೋ ಹಂಗೆ ಫೋಟೋ ತೆಗೀತೀನಿ.’

‘ಬೇಡಪ್ಪಾ, ಬೀಳ್ತೀನಿ.’

‘ನಿಂತ್ಕೊಳಮ್ಮ, ಏನಾಗಲ್ಲ’ ಅಂತು ಮಾದೇಶನ ದನಿ. ‘ದಿನಾ ಎಲ್ರನ್ನೂ ನಿಲ್ಲಿಸ್ತೀನಿ. ಇನ್ನೊಂಚೂರು ಸ್ಪೀಡಾಗಿ ತಿರುಗಿಸ್ಲಾ ಸಾರ್? ನೀರು ಮೇಲೆ ಚಿಮ್ಮುತ್ತೆ, ಫೋಟೋ ಚೆನ್ನಾಗಿ ಬರುತ್ತೆ.’

‘ತಿರುಗಿಸಪ್ಪಾ! ರೈಟ್, ರೈಟ್!’

ಆಮೇಲೆ ಬಿಂದುವಿನ ಚೀರು. ನಾನು ಕಣ್ಣು ಮುಚ್ಚಿಕೊಂಡೆ. ಟೈಪಿಸ್ಟನ ಬೆರಳು ಓಡುತ್ತಿದ್ದ ಸದ್ದು, ಚಕ್ರಪಾಣಿ ಕುರ್ಚಿಗೆ ಕುಸಿದ ಸದ್ದು ಕೇಳಿಸಿತು. ಕೂತುಕೋ ಅನ್ನುವ ಮಾತು ಕೆರೆಯಲ್ಲಿ ಎಲ್ಲೂ ಇರಲಿಲ್ಲ. ನಿಲ್ಲು ಎಂದು ಕಂಪನಿಯ ಆಳೇ ಹೇಳಿದ್ದ, ದೋಣಿ ರಭಸದಿಂದ ತಿರುಗಿಸಿದ್ದೂ ಅವನೇ. ಹಾಲೇಶಪ್ಪ ಹೂತುಹಾಕಲು ಹೊರಟಿದ್ದ ಮಾತಿನ ಜೊತೆಗೆ ನಮ್ಮನ್ನು ಗೆಲ್ಲಿಸುವ ಮಾತೂ ಹೂತುಹೋಗುತ್ತಿತ್ತು. ಇದನ್ನೆಲ್ಲ ವಕೀಲೆಯ ತಲೆ ಲೆಕ್ಕ ಹಾಕುತ್ತಿರುವಾಗಲೇ ಕೆರೆಯಿಂದ ಹಾಲೇಶಪ್ಪನ ದನಿ ಮತ್ತೆ ಎದ್ದಿತು.

‘ಬಿಂದೂ... ಬಿಂದೂ...’

ಅದು ಎಷ್ಟು ಹೊತ್ತು ಬಂತೋ ದೇವರಿಗೇ ಗೊತ್ತು. ಪುಟ್ಟೀರಮ್ಮನ ಬಾಯಿ ರೂಢಿಯಿಂದ ತೆರೆಯಿತು, ಅವಳೇ ಎರಡೂ ಕೈಯಿಂದ ಮುಚ್ಚಿಕೊಂಡಳು. ಕೊನೆಗೆ ಕೂಗು ನಿಂತಾಗ ನ್ಯಾಯಾಧೀಶರು ಕನ್ನಡಕ ತೆಗೆದು, ಬರೆದುಕೊಂಡದ್ದಾಯಿತು, ಇನ್ನು ಯಾರು ಓ ಅಂದರೂ ಕೋರ್ಟಿನ ಅಡ್ಡಿಯಿಲ್ಲ ಅಂದರು. ಬಿಂದು ಅಪ್ಪನ ಕಡೆ ತಿರುಗದೆ, ಕೋಲು ಊರಿಕೊಂಡು ನಮ್ಮ ಮನೆಯ ದಾರಿ ಹಿಡಿದಳು.

ತೀರ್ಪು ಬೇಗನೆ ಬಂತು. ಆಪರೇಷನ್ನಿನಿಂದ ಹಿಡಿದು ಎಲ್ಲ ಖರ್ಚು ಕಂಪನಿಯ ತಲೆಗೆ. ತಂದೆಯೂ ಎಚ್ಚರಿಕೆ ವಹಿಸಿಲ್ಲ ಅಂತ ಒಂದು ಸಾಲು ಅದರಲ್ಲೇ ಇತ್ತು. ನಾನು ಪೇಡೆ ತಂದೆ, ಯಾರೂ ಮುಟ್ಟಲಿಲ್ಲ. ಹಾಲೇಶಪ್ಪ ಮನೆಯೊಳಗೆ ಮಲಗುವುದನ್ನು ಬಿಟ್ಟು ದೋಣಿಕಟ್ಟೆಯಲ್ಲೇ ಇರತೊಡಗಿದ. ಹುಡುಗಿ ಅವನ ಜೊತೆ ಒಂದು ಮಾತೂ ಆಡಲಿಲ್ಲ. ಊರಿಗೆ ಹೊರಡಿ ಅಂದರೆ ‘ಈಗಲೇ ಹೋಗಲ್ಲ’ ಅನ್ನುತ್ತಿದ್ದಳು.

ಸಂಜೆಯಾದರೆ ಕೂಗು ಬರುತ್ತಿತ್ತು. ಊರಿನವರಿಗೆ ದೀಪ ಹಚ್ಚಿದ ಮೇಲೆ ಬಾಗಿಲು ಹಾಕಿಕೊಳ್ಳುವುದೇ ಕೆಲಸವಾಯಿತು. ಹಾಕಿದರೇನು, ಬಾಗಿಲ ಸಂದಿಯಿಂದ ಬರುತ್ತಿತ್ತು. ಮಕ್ಕಳು ಪಾಠದ ಪುಸ್ತಕ ಮಡಿಸಿ ಅಮ್ಮಂದಿರ ಮಗ್ಗುಲಿಗೆ ಹೋಗುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಪುಟ್ಟೀರಮ್ಮನ ಅಂಗಡಿಗೆ ಹೋಗಿ ಜಗಳವನ್ನೇ ತೆಗೆದೆ.

‘ಊರಿನ ಕೂಗಿಗೆಲ್ಲ ಓ ಅಂತೀಯ. ಇದೊಂದಕ್ಕೆ ನಿನ್ನ ನಾಲಿಗೆಗೆ ಏನಾಗಿದೆ?’

‘ನಾನ್ ಅನ್ನಲ್ಲ ಕಣ್ರಮ್ಮ’ ಅಂದಳು ಅವಳು. ‘ಐಸ್‌ಕ್ರೀಮಿಗೆ ಕೂಗಿದ್ದಕ್ಕೆ ನಾನ್ ಓ ಅಂದ್ರೆ ನಡೀತದೆ. ಇದಕ್ಕೆ ನಾನ್ ಅಂದ್ರೆ ಆ ಮಗೀಗೆ ಮೋಸ ಮಾಡ್ದಂಗೆ. ನೀವೂ ಅನ್ಬ್ಯಾಡಿ.’

ನಾನು ಅನ್ನಬೇಕೆಂದೇ ಬಂದಿದ್ದೆ. ಬಾಯಿ ಮುಚ್ಚಿಕೊಂಡು ಮಂಡಕ್ಕಿ ಕಟ್ಟಿಸಿಕೊಂಡು ವಾಪಸು ಬಂದೆ.

ಅವತ್ತು ಬಿಂದು ಜಗುಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಮಂಡಕ್ಕಿಯ ಪೊಟ್ಟಣವನ್ನು ಅವಳ ತೊಡೆಯ ಮೇಲಿಟ್ಟೆ. ಕೂಗು ಶುರುವಾಯಿತು. ಅವಳು ತಿನ್ನಲಿಲ್ಲ, ತಲೆ ಓರೆ ಮಾಡಿ ಕೇಳುತ್ತಲೇ ಇದ್ದಳು. ದಿನಾ ಹೀಗೇ ಕೇಳುತ್ತಿದ್ದಳು ಅಂತ ನನಗೆ ಆಗ ಹೊಳೆಯಿತು. ಊರಿಗೆ ಹೋಗದೆ ಉಳಿದದ್ದು ಇದಕ್ಕೇ.

‘ಮೇಡಂ, ನನ್ನನ್ನ ಮೇಲೆ ಎಳೆದಿದ್ದು ಮಾದೇಶ ಅಲ್ವಾ?’

‘ಅವನ ಹೇಳಿಕೆಯಲ್ಲಿ ಹಾಗಿದೆ.’

‘ಅಪ್ಪ ದೋಣೀಲೇ ಇದ್ರು ಅಂತ ಇದೆಯಾ?’

‘ಅಪ್ಪನ ವಿಷಯ ಏನೂ ಇಲ್ಲ. ಯಾಕೆ?’

‘ಸರಿಯಾಗಿ ಕೇಳಿ. ಬಿಂದೂ ಅನ್ನೋದು ಮಧ್ಯ ಮಧ್ಯ ತುಂಡಾಗುತ್ತೆ. ಬಾಯಿಗೆ ನೀರು ಹೋಗುತ್ತೆ, ಉಗೀತಾರೆ, ಮತ್ತೆ ಕೂಗ್ತಾರೆ.’ ಅವಳು ಕೆರೆಯ ಕಡೆ ಕೈ ತೋರಿಸಿದಳು. ‘ನಮ್ಮಪ್ಪಂಗೆ ಈಜು ಬರಲ್ಲ ಮೇಡಂ. ಜಾಕೆಟ್ಟೂ ಇರಲಿಲ್ಲ.’

ನಾನು ಕೇಳಿದೆ. ಅಷ್ಟು ದಿನದಿಂದ ಕಿವಿಗೆ ಬೀಳುತ್ತಿದ್ದರೂ ನಾನು ಕೇಳಿರಲಿಲ್ಲ. ಅವನು ನೀರೊಳಗಿದ್ದ. ಮುಳುಗಿ ಏಳುವಾಗ ಸಿಕ್ಕ ಉಸಿರನ್ನೆಲ್ಲ ಆ ಒಂದು ಹೆಸರಿಗೇ ಹಾಕುತ್ತಿದ್ದ. ಕಾಪಾಡಿ ಅಂತ ಒಂದು ಸಲವೂ ಅನ್ನಲಿಲ್ಲ. ತಾನು ಹಾರಿದೆ ಅಂತ ನನ್ನ ಮುಂದೆಯೂ ಹೇಳಲಿಲ್ಲ, ಕೋರ್ಟಿನ ಮುಂದೆಯೂ ಹೇಳಲಿಲ್ಲ. ಎದ್ದು ನಿಲ್ಲೆಂದವನಿಗೆ ಹಾರಿದ್ದನ್ನು ಹೇಳಿಕೊಳ್ಳಲು ಯಾವ ಮುಖ ಅಂದುಕೊಂಡಿದ್ದನೋ ಏನೋ. ನನಗೆ ಅಳು ಬಂತು, ನಾನು ಅತ್ತೆ.

ಬಿಂದು ಮಂಡಕ್ಕಿಯ ಪೊಟ್ಟಣ ಬದಿಗಿಟ್ಟು, ಕೋಲು ಎಳೆದುಕೊಂಡು ಎದ್ದಳು. ನಾನು ಹಿಂದೆಯೇ ಹೋದೆ. ಕಟ್ಟೆಯ ತುದಿಯಲ್ಲಿ ಹಾಲೇಶಪ್ಪ ಮಂಡಿ ತಬ್ಬಿಕೊಂಡು ತನ್ನ ಕೂಗನ್ನು ತಾನೇ ಕೇಳುತ್ತ ಕೂತಿದ್ದ. ಕೋಲಿನ ಸದ್ದಿಗೂ ತಿರುಗಲಿಲ್ಲ. ನೀರಿನ ಮೇಲಿಂದ ಇನ್ನೊಮ್ಮೆ ಬಂತು, ‘ಬಿಂದೂ...’ ಅಂತ, ಅರ್ಧಕ್ಕೇ ನೀರು ಕುಡಿದು.

ಬಿಂದು ಮೂಗೊರೆಸಿಕೊಂಡಳು. ಆಟದ ಮಧ್ಯೆ ಮನೆಯಿಂದ ಕರೆದಾಗ ಮಕ್ಕಳು ರೇಗುತ್ತಾರಲ್ಲ, ಹಾಗೆ ರೇಗಿ ಕೂಗಿದಳು.

‘ಓ! ಬಂದೆ ಇರಪ್ಪಾ, ಇಲ್ಲೇ ಇದೀನಿ!’

ಕೆರೆ ಸುಮ್ಮನಾಯಿತು. ಹಾಲೇಶಪ್ಪ ತಿರುಗಿ ನೋಡಿದ. ಅವಳು ಕೋಲು ಕೆಳಗಿಟ್ಟು, ಅವನ ಹೆಗಲು ಹಿಡಿದುಕೊಂಡು ಮೆಲ್ಲಗೆ ಪಕ್ಕದಲ್ಲಿ ಕೂತಳು. ‘ಹಸಿವಾಗ್ತಿದೆ, ಮಂಡಕ್ಕಿ ಜಗುಲಿ ಮೇಲೇ ಬಿಟ್ಟುಬಂದೆ’ ಅಂದಳು. ತರಲು ನಾನು ಮನೆಗೆ ಓಡಿದೆ.